ಬಕೆಟ್ ಸಮೇತ ಬಂದವಳು

ರಜೆಗೆ ಮನೆಗೆ ಬರುವವರು ಯಾರೂ ಬಕೆಟ್ ತರುವುದಿಲ್ಲ. ನನ್ನ ಅಣ್ಣನ ಮಗಳು ವಿಶ್ವವಿದ್ಯಾಲಯದ ಮೊದಲ ವರ್ಷ ಮುಗಿಸಿ ಬಸ್ಸಿನಿಂದ ಇಳಿದಾಗ ಅವಳ ಒಂದು ಕೈಯಲ್ಲಿ ಪೆಟ್ಟಿಗೆಯಿತ್ತು, ಇನ್ನೊಂದು ಕೈಯಲ್ಲಿ ನೀಲಿ ಬಕೆಟ್ಟು. ಬಕೆಟ್ಟಿನೊಳಗೆ ಮಗ್ಗು, ಚಪ್ಪಲಿ, ಸುರುಳಿ ಸುತ್ತಿದ ಚಾಪೆ, ಬಟ್ಟೆ ಒಣಹಾಕುವ ಹಗ್ಗ. ಮಗಳು ಬಂದಳೆಂದು ಅಣ್ಣ ಹಿಗ್ಗಿ ಹೀರೇಕಾಯಿಯಾಗಿದ್ದ, ಅವನಿಗೆ ಬೇರೇನೂ ಕಾಣಿಸಲಿಲ್ಲ. ನನಗೆ ಕಾಣಿಸಿದ್ದು ಬಕೆಟ್ಟೇ. ಹಾಸ್ಟೆಲ್ಲಿಗೆ ಮತ್ತೆ ಹೋಗುವ ಹುಡುಗಿ ಅದನ್ನು ಮಂಚದ ಕೆಳಗೆ ತಳ್ಳಿ ಬರುತ್ತಾಳೆ. ಇವಳು ಕಿಟಕಿಗೆ ಕಟ್ಟಿದ್ದ ಹಗ್ಗವನ್ನೂ ಬಿಚ್ಚಿಕೊಂಡು ಬಂದಿದ್ದಳು.

ಮನೆಯಲ್ಲೂ ಬೀದಿಯಲ್ಲೂ ಅವಳನ್ನು ಎಲ್ಲರೂ ಕರೆಯುವುದು ಲಾಯರಮ್ಮ ಎಂದು. ಓದಿದ್ದು ಕಾನೂನಲ್ಲ, ಗಣಿತ. ಆದರೆ ಮಾತು ಕಲಿತ ದಿನದಿಂದಲೇ ಅವಳಿಗೆ ವಾದ ಮಾಡುವ ಚಟ. ಒಂದು ಉತ್ತರ ಕೊಟ್ಟರೆ ಅದರ ಬಾಲ ಹಿಡಿದು ಇನ್ನೊಂದು ಪ್ರಶ್ನೆ ಎಳೆಯುತ್ತಿದ್ದಳು. ಪಕ್ಕದ ಔಷಧಿ ಅಂಗಡಿಯವನು ಅವಳು ಬರುವುದನ್ನು ಕಂಡರೆ ಒಳಗೆ ಹೋಗಿ ಡಬ್ಬ ಜೋಡಿಸುವ ನಾಟಕ ಆಡುತ್ತಿದ್ದ. ಗಣಿತವನ್ನೇ ಯಾಕೆ ಹಿಡಿದೆ ಎಂದು ಕೇಳಿದ್ದಕ್ಕೆ, "ಅದರಲ್ಲಿ ವಾದ ಮಾಡಿ ಗೆದ್ರೆ ಯಾರೂ ಮುಖ ಊದಿಸ್ಕೊಳ್ಳೋ ಹಾಗಿಲ್ಲ ಅತ್ತೆ" ಎಂದಿದ್ದಳು. ಅಂಥವಳು ಈಗ ಬಂದು, ಬಕೆಟ್ಟನ್ನು ಬಚ್ಚಲಿಗಿಟ್ಟು, ನಮ್ಮ ಅಂಗಡಿಯ ಮೂಲೆಯಲ್ಲಿ ಕೂತು, ತುಟಿ ಪಿಟಕ್ಕೆನ್ನದೆ ಕನ್ನಡಿ ಒರೆಸತೊಡಗಿದಳು.

ನಮ್ಮದು ಗಾಜಿನ ಅಂಗಡಿ. ಕಿಟಕಿಯ ಗಾಜು, ಬೀರುವಿನ ಕನ್ನಡಿ, ಫೋಟೋಗಳಿಗೆ ಚೌಕಟ್ಟು. ಗಾಜು ಕೊಯ್ಯುವುದು ಅಣ್ಣ, ಚೌಕಟ್ಟು ಹಾಕುವುದು ನಾನು, ಗಿರಾಕಿಗಳ ಜೊತೆ ನಗುನಗುತ್ತ ಮಾತಾಡುವುದು ಅತ್ತಿಗೆ. ಆ ವಿದ್ಯೆ ನನಗೂ ಅಣ್ಣನಿಗೂ ಹುಟ್ಟಿನಿಂದಲೇ ಬಂದಿಲ್ಲ. ನಮ್ಮ ಅಂಗಡಿಯಲ್ಲಿ ಒಂದು ಮಾತು ಮಂತ್ರದ ಹಾಗೆ ಓಡಾಡುತ್ತದೆ: "ಒಂದೇ ಸಲ." ಗಾಜಿನ ಮೇಲೆ ಪಟ್ಟಿಯಿಟ್ಟು, ಕಟ್ಟರಿನ ಪುಟ್ಟ ಗಾಲಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಈ ಅಂಚಿನಿಂದ ಆ ಅಂಚಿಗೆ ಒಂದೇ ಉಸಿರಿನಲ್ಲಿ ಗೀರಬೇಕು. ಆಮೇಲೆ ಮೇಜಿನ ಅಂಚಿಗೆ ಇಟ್ಟು ಒತ್ತಿದರೆ ಗಾಜು ಗೀರಿನ ಗುಂಟ ಟಣ್ಣೆಂದು ಬಿಟ್ಟುಕೊಳ್ಳುತ್ತದೆ. ಗೀರು ಸರಿಯಾಗಿ ಬೀಳಲಿಲ್ಲವೇನೋ ಎಂಬ ಅನುಮಾನದಿಂದ ಅದರ ಮೇಲೇ ಇನ್ನೊಂದು ಸಲ ಕಟ್ಟರ್ ಎಳೆದಿರೋ, ಗಾಲಿಯೂ ಹಾಳು, ಗಾಜೂ ಹಾಳು. ಒಡಕು ತನಗೆ ಬೇಕಾದ ಕಡೆ ಓಡುತ್ತದೆ.

ಅಣ್ಣ ಈ ಮಾತನ್ನು ಅಂಗಡಿಯಲ್ಲಿ ಬಿಟ್ಟು ಬರುತ್ತಿರಲಿಲ್ಲ. ಲೋಟಕ್ಕೆ ನೀರು ಹಾಕುವಾಗ, ಚೆಂಡು ಎಸೆಯುವಾಗ, ಶಾಲೆಯ ಲೆಕ್ಕ ಬರೆಯುವಾಗ, "ಒಂದೇ ಸಲ, ನೇರವಾಗಿ" ಎನ್ನುತ್ತಿದ್ದ. ಲಾಯರಮ್ಮ ಆ ಮಾತನ್ನು ಕುಡಿದುಕೊಂಡೇ ಬೆಳೆದಳು. ಶಾಲೆಯಲ್ಲಿ ಬೇರೆ ಮಕ್ಕಳು ಪೆನ್ಸಿಲ್ಲು ರಬ್ಬರು ಎಂದು ಪರದಾಡುವಾಗ ಇವಳು ಪೆನ್ನಿನಲ್ಲೇ, ಒಂದೂ ಚಿತ್ತುಕಾಟಿಲ್ಲದೆ, ಮುತ್ತಿನ ಹಾಗೆ ಬರೆಯುತ್ತಿದ್ದಳು. ಟೀಚರುಗಳು ಅವಳ ಪುಸ್ತಕ ಎತ್ತಿ ತೋರಿಸಿದ್ದೇ ತೋರಿಸಿದ್ದು. ನಾವೂ ಬೀಗಿದ್ದೇ ಬೀಗಿದ್ದು.

ಬಂದ ವಾರದಲ್ಲೇ, ಬಟ್ಟೆ ಹಿಂಡುವ ನೆಪದಲ್ಲಿ ಅವಳನ್ನು ಮಹಡಿಗೆ ಕರೆದುಕೊಂಡು ಹೋಗಿ ಕೇಳಿದೆ.

"ಬಕೆಟ್ ಯಾಕೆ ತಂದೆ?"

ಅವಳು ಹೊದಿಕೆಯ ಆ ತುದಿ ಹಿಡಿದು ತಿರುಚುತ್ತಲೇ ಹೇಳಿದಳು. "ಎರಡು ಪೇಪರ್ ಡುಮ್ಕಿ ಅತ್ತೆ. ಎರಡೂ ಗಣಿತವೇ."

ಆಮೇಲೆ ಉಳಿದದ್ದೆಲ್ಲ ಒಂದೊಂದಾಗಿ ಹೊರಬಿತ್ತು. ತರಗತಿ ಶುರುವಾದ ಹೊಸದರಲ್ಲಿ ವಿಭಾಗದ ಮುಖ್ಯಸ್ಥರು ಅವಳನ್ನು ಬೋರ್ಡಿಗೆ ಕರೆದಿದ್ದರು. ಹುಡುಗರೆಲ್ಲ ಅವರನ್ನು ದೊಡ್ಡ ಮೇಷ್ಟ್ರು ಎನ್ನುತ್ತಾರೆ. ಒಂದು ಪ್ರಮೇಯ ಸಾಧಿಸಿ ತೋರಿಸಬೇಕಿತ್ತು. ಇವಳು ಸೀಮೆಸುಣ್ಣ ಹಿಡಿದು ಮೊದಲ ಸಾಲು ಬರೆದಳು. ಬರೆದ ಮೇಲೆ ತಪ್ಪೆಂದು ತಿಳಿಯಿತು. ಡಸ್ಟರ್ ಪಕ್ಕದಲ್ಲೇ ಇತ್ತು. "ಒರೆಸಿ ಇನ್ನೊಂದು ಸಲ ಬರಿಯಮ್ಮ" ಎಂದು ಮೇಷ್ಟ್ರು ಹೇಳಿದರಂತೆ. "ಕೈಯೇ ಹೋಗಲಿಲ್ಲ ಅತ್ತೆ. ಆ ತಪ್ಪು ಸಾಲಿನ ಮುಂದೆ ಕಂಬದ ಹಾಗೆ ನಿಂತೆ." ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆ ನಗು ಬೆಂಚಿನಿಂದ ಬೆಂಚಿಗೆ ಹಬ್ಬಿತು. ಇವಳು ಸೀಮೆಸುಣ್ಣ ಕೆಳಗಿಟ್ಟು, ಚೀಲ ತಗಲಿಸಿಕೊಂಡು, ತರಗತಿಯಿಂದ ಹೊರಟೇಬಿಟ್ಟಳು.

ಮಾರನೆಯ ದಿನದಿಂದ ಕೊನೆಯ ಬೆಂಚು. ಅರ್ಥವಾಗದ್ದನ್ನು ಕೇಳಲಿಲ್ಲ. ಕೇಳದೆ ಉಳಿದದ್ದರ ಮೇಲೆ ಇನ್ನಷ್ಟು ಅರ್ಥವಾಗದ್ದು ಬಂದು ಕೂತಿತು. ಊಟದ ಮನೆಗೆ ಎಲ್ಲರೂ ಎದ್ದ ಮೇಲೆ ಹೋಗುತ್ತಿದ್ದಳು. ನಾವು ಫೋನ್ ಮಾಡಿದಾಗಲೆಲ್ಲ "ಚೆನ್ನಾಗಿದೀನಿ" ಎಂದವಳು ಇದೇ ಹುಡುಗಿ. ಪರೀಕ್ಷೆಯಲ್ಲೂ ಅಷ್ಟೆ. ಉತ್ತರದ ನಡುವೆ ಎಲ್ಲಾದರೂ ತಪ್ಪಿದ್ದು ಗೊತ್ತಾದರೆ ಆ ಉತ್ತರವನ್ನು ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ಹೋಗುವುದು. ಅರ್ಧರ್ಧ ಉತ್ತರಗಳ ಒಂದು ಕಟ್ಟನ್ನು ಒಪ್ಪಿಸಿ ಬಂದಿದ್ದಳು.

ಫಲಿತಾಂಶ ಬಂದಾಗ ದೊಡ್ಡ ಮೇಷ್ಟ್ರು ಕರೆದು ಬಯ್ಯಲಿಲ್ಲವಂತೆ, ಮೆತ್ತಗೆ ಹೇಳಿದರಂತೆ. "ಗಣಿತ ಎಲ್ಲರಿಗೂ ಒಗ್ಗೋದಿಲ್ಲಮ್ಮ. ಹಗುರವಾದ ಬೇರೆ ಕೋರ್ಸಿಗೆ ಹೋಗು, ನಾನೇ ಮಾತಾಡ್ತೀನಿ." ಬೇಡವೆಂದರೆ ಕಾಲೇಜು ಮತ್ತೆ ತೆರೆಯುವ ಮೊದಲು ನಡೆಯುವ ಮರುಪರೀಕ್ಷೆಯಲ್ಲಿ ಎರಡರಲ್ಲಿ ಒಂದನ್ನಾದರೂ ಪಾಸು ಮಾಡಬೇಕು. ಆಗ ಎರಡನೆಯ ವರ್ಷಕ್ಕೆ ಬಿಡುತ್ತಾರೆ, ಉಳಿದದ್ದನ್ನು ಆಮೇಲೆ ಬರೆದುಕೊಳ್ಳಬಹುದು. ಎರಡೂ ಹೋದರೆ ಗಣಿತದ ಬಾಗಿಲು ಮುಚ್ಚಿದಂತೆಯೇ.

"ಬಯ್ದಿದ್ರೆ ಪರವಾಗಿರ್ಲಿಲ್ಲ ಅತ್ತೆ" ಎಂದಳು ಹೊದಿಕೆ ಕೊಡವುತ್ತ. "ಅಯ್ಯೋ ಪಾಪ ಅನ್ನೋ ಹಾಗೆ ನೋಡಿದ್ರು."

ನನ್ನ ಪಿತ್ತ ನೆತ್ತಿಗೇರಿತು. ಮೇಷ್ಟ್ರ ಮೇಲೋ, ನಕ್ಕವರ ಮೇಲೋ, ಇವಳ ಮೇಲೋ ಹೇಳಲಾರೆ. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅಣ್ಣನ ಮೇಲೆ. ಸುದ್ದಿ ತಿಳಿದ ಮೇಲೆ ಆ ಮಹಾರಾಯ ತನ್ನ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜು ಹಾಕಿಸಿದ. ಅದರ ಮೇಲೆ ಮೆತ್ತನೆಯ ಕಂಬಳಿ ಹಾಸಿದ. ಹೊಸ ಕಟ್ಟರ್ ತಂದಿಟ್ಟ. "ಅಂಗಡಿ ಅವಳದೇ ಅಲ್ವಾ, ಇಲ್ಲೇ ಇರ್ಲಿ ಬಿಡು" ಎಂದ. ಅವನ ಮುಖದಲ್ಲಿ ದುಃಖಕ್ಕಿಂತ ನೆಮ್ಮದಿಯೇ ಹೆಚ್ಚಿತ್ತು. ನಮ್ಮ ಕೆಲಸವನ್ನು ನಾನು ಕೀಳಾಗಿ ಕಾಣುವವಳಲ್ಲ, ಅದರಲ್ಲೇ ಅನ್ನ ತಿಂದವಳು. ಆದರೆ ಬಯಸಿ ಬಂದು ಮೇಜಿನ ಮುಂದೆ ನಿಲ್ಲುವುದು ಬೇರೆ, ನಗುವವರಿಗೆ ಹೆದರಿ ಬಂದು ಬಚ್ಚಿಟ್ಟುಕೊಳ್ಳುವುದು ಬೇರೆ.

"ಮಗಳಿಗೆ ಬಿಲ ತೋಡಿ ಕೊಡ್ತಾ ಇದೀಯಲ್ಲ, ನೀನೆಂಥ ಅಪ್ಪ?" ಎಂದೆ.

"ನೀನು ನಿನ್ನ ಮೊಳೆ ಹೊಡಿ" ಎಂದ ಅಣ್ಣ.

ಲಾಯರಮ್ಮ ಹಗಲು ಹೊಸ ಮೇಜಿನಲ್ಲಿ ಗಾಜು ಕೊಯ್ಯುವಳು, ಬಿಡುವಾದಾಗ ಹಿಂದಿನ ಕೋಣೆಯಲ್ಲಿ ಪುಸ್ತಕ ಬಿಡಿಸುವಳು. ಮರುಪರೀಕ್ಷೆ ಬರೆಯುತ್ತೇನೆ ಎಂದೂ ಹೇಳಲಿಲ್ಲ, ಬರೆಯುವುದಿಲ್ಲ ಎಂದೂ ಹೇಳಲಿಲ್ಲ. ಒಂದು ಮಧ್ಯಾಹ್ನ ಫೋಟೋದ ಬೆನ್ನಿಗೆ ಹಾಕುವ ನನ್ನ ದಪ್ಪ ಬಿಳಿ ಕಾಗದ ಹುಡುಕಿದರೆ ಕಟ್ಟಿಗೆ ಕಟ್ಟೇ ಮಾಯ. ಹಿಂದಿನ ಕೋಣೆಗೆ ಹೋಗಿ ನೋಡುತ್ತೇನೆ, ನೆಲದ ತುಂಬ ಮುದುರಿದ ಕಾಗದ. ಒಂದನ್ನು ಬಿಡಿಸಿದೆ, ಒಂದೂವರೆ ಸಾಲು. ಇನ್ನೊಂದನ್ನು ಬಿಡಿಸಿದೆ, ಒಂದೇ ಸಾಲು. ಇಡೀ ಹಾಳೆ ಖಾಲಿ.

"ಇದೇನೇ ಇದು? ನನ್ನ ಕಾಗದಾನೆಲ್ಲ ತಿಂದು ಹಾಕಿದೀಯಲ್ಲ!"

"ತಪ್ಪಾಯ್ತಲ್ಲ ಅತ್ತೆ, ಅದಕ್ಕೆ ಬೇರೆ ತಗೊಂಡೆ."

"ತಪ್ಪಾದ್ರೆ ಹೊಡೆದು ಹಾಕಿ ಕೆಳಗೆ ಬರಿ! ಅಷ್ಟಗಲ ಜಾಗ ಇದೆ. ಅದೇನು ಗಾಜಾ, ಒಡೆದು ಹೋಗೋಕೆ?"

ನಾನು ಹೇಳಿದ್ದು ಕಾಗದದ ಹೊಟ್ಟೆಯುರಿಗೆ, ಅದರಲ್ಲಿ ಯಾವ ಉಪದೇಶವೂ ಇರಲಿಲ್ಲ. ಉಳಿದ ಹಾಳೆಗಳನ್ನು ಎತ್ತಿಕೊಂಡು ಹೊರಟೆ. ಬಾಗಿಲಲ್ಲಿ ತಿರುಗಿ ನೋಡಿದರೆ ಅವಳು ಪೆನ್ನು ಹಿಡಿದು, ಬಾಯಿ ತೆರೆದುಕೊಂಡು, ನನ್ನನ್ನೇ ನೋಡುತ್ತಿದ್ದಳು.

"ಅತ್ತೆ, ಇನ್ನೊಂದು ಸಲ ಹೇಳಿ."

"ಏನು, ಬಯ್ದಿದ್ದನ್ನಾ?"

"ಹ್ಞೂಂ, ಅದನ್ನೇ."

ಕಾಗದದ ಜೊತೆಗೆ ಇವಳ ತಲೆಯೂ ಕೆಟ್ಟಿತು ಎಂದುಕೊಂಡೆ. ಅವಳು ಮುದುರಿದ ಹಾಳೆಗಳ ನಡುವೆ ಕೂತು ನಗಲು ಶುರುಮಾಡಿದಳು. ನಗುತ್ತಲೇ ಅತ್ತಳು. "ವರ್ಷವಿಡೀ ಗಾಜಿನ ಮೇಲೆ ಗೀರಿದ ಹಾಗೆ ಬರೆದೆನಲ್ಲ ಅತ್ತೆ, ಎಂಥ ಬೆಪ್ಪುತಕ್ಕಡಿ ನಾನು" ಎಂದಳು. ಅವಳು ಹೇಳಿದ್ದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ನಾನೂ ಅವಳ ಪಕ್ಕದಲ್ಲಿ ಕುಸಿದು ಕೂತೆ.

ಮಾರನೆಯ ದಿನ ಬೆಳಿಗ್ಗೆ ಅವಳು ಯಾರೋ ಗಿರಾಕಿ ಬಿಟ್ಟುಹೋದ ಬೀರುವಿನ ಬಾಗಿಲಿನ ಕನ್ನಡಿಯನ್ನು ಎಳೆದು ತಂದು ಹಿಂದಿನ ಗೋಡೆಗೆ ಒರಗಿಸಿದಳು. ಒಂದು ಮೂಲೆ ಮುಕ್ಕಾಗಿದ್ದರೂ ಆಳೆತ್ತರದ ಕನ್ನಡಿ. ಅಣ್ಣ ಗಾಜಿಗೆ ಗುರುತು ಹಾಕುವ ಮಾರ್ಕರ್ ಕಿತ್ತುಕೊಂಡು ಅದರ ಮೇಲೆ ಬರೆದಳು. ತಪ್ಪಾಯಿತು. ನನ್ನ ಒರೆಸುವ ಬಟ್ಟೆ ತೆಗೆದುಕೊಂಡು ಒರೆಸಿದಳು. ಮತ್ತೆ ಬರೆದಳು. ಮತ್ತೆ ತಪ್ಪು. ಮೊದಮೊದಲು ಹಿಂದುಮುಂದು ನೋಡಿ ಇಷ್ಟಿಷ್ಟೇ ಒರೆಸುತ್ತಿದ್ದಳು. ಬರಬರುತ್ತ ಕೋಪದಿಂದ ಒರೆಸತೊಡಗಿದಳು, ಆಮೇಲೆ ಸುಮ್ಮನೆ ಕೈಗೆ ಬಂದ ಹಾಗೆ.

"ಬೇರೆ ಎಲ್ಲೂ ಸಿಗ್ಲಿಲ್ವಾ? ನಿನ್ನ ಮುಖವೇ ಅಡ್ಡ ಬರುತ್ತೆ" ಎಂದೆ.

"ಬರ್ಲಿ ಅತ್ತೆ. ನನ್ನ ಮುಖ ನೋಡ್ಕೊಂಡೇ ತಪ್ಪು ಮಾಡ್ತೀನಿ. ಅಭ್ಯಾಸ ಆಗ್ಲಿ."

ಅಲ್ಲಿಂದ ಹಿಂದಿನ ಕೋಣೆಯಲ್ಲಿ ಗಲಾಟೆಯೋ ಗಲಾಟೆ. ಲೆಕ್ಕಕ್ಕೆ ಬಯ್ಯುವುದು, ಪುಸ್ತಕ ಬರೆದವರಿಗೆ ಬಯ್ಯುವುದು, ಗೆದ್ದಾಗ ಚಪ್ಪಾಳೆ ತಟ್ಟುವುದು. ಊಟಕ್ಕೆ ಕೂತರೆ ಸಾರಿನ ಉಪ್ಪಿನಿಂದ ಹಿಡಿದು ಎಲ್ಲದಕ್ಕೂ ವಾದ. ಅತ್ತಿಗೆ ಬಡಿಸುತ್ತ ಬಡಿಸುತ್ತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಮ್ಮ ಲಾಯರಮ್ಮ ವಾಪಸ್ ಬಂದಿದ್ದಳು. ಅಣ್ಣನ ಮುಖ ಮಾತ್ರ ದಿನದಿಂದ ದಿನಕ್ಕೆ ಬಿಗಿಯಾಯಿತು.

ಅದು ಸ್ಫೋಟವಾದದ್ದು ಒಂದು ಕಿಟಕಿ ಗಾಜಿನ ಮೇಲೆ. ತಲೆಯಲ್ಲಿ ಲೆಕ್ಕ ತುಂಬಿಕೊಂಡಿದ್ದ ಇವಳು ಗೀರಿದ ಗೀರಿನ ಮೇಲೇ ಇನ್ನೊಮ್ಮೆ ಕಟ್ಟರ್ ಎಳೆದುಬಿಟ್ಟಳು. ಒತ್ತಿದ ಕೂಡಲೇ ಗಾಜು ಓರೆಯಾಗಿ ಹಾರಿಹೋಯಿತು.

"ಒಂದೇ ಸಲ ಅಂತ ಎಷ್ಟು ಸಲ ಹೇಳ್ಬೇಕೇ ನಿಂಗೆ?" ಅಣ್ಣ ಕೂಗಿದ.

"ಸಾವಿರ ಸಲ ಹೇಳಿದೀಯಪ್ಪ. ಅದೇ ಆಗಿದ್ದು."

ಮುಂದಿನ ಕಟ್ಟೆಯ ಹತ್ತಿರ ಅತ್ತಿಗೆ ಕಿಸಕ್ಕೆಂದಳು. ನಾನು ಬಾಯಲ್ಲಿದ್ದ ಮೊಳೆಗಳನ್ನು ಉಗುಳಿದೆ, ನುಂಗಿಬಿಟ್ಟೇನೆಂದು. ಅಣ್ಣ ನಗಲಿಲ್ಲ. ಚೂರುಗಳನ್ನು ಆರಿಸುತ್ತ, ತಲೆಯೆತ್ತದೆ, ಇಷ್ಟು ದಿನ ನುಂಗಿಕೊಂಡದ್ದನ್ನು ಹೇಳಿದ.

"ನಿನ್ನ ನೋಡಿ ನಕ್ಕರಲ್ಲೇ ಅಲ್ಲಿ. ಮತ್ತೆ ಅಲ್ಲಿಗೇ ಹೋಗ್ತೀಯಾ? ನೀನು ಮತ್ತೆ ಹಾಗೆ ಮುಖ ಸಪ್ಪಗೆ ಮಾಡ್ಕೊಂಡು ಬಂದ್ರೆ ನಾನು ನೋಡಲಾರೆ."

"ನಗ್ಲಿ ಅಪ್ಪ. ಅವರ ಹಲ್ಲು, ಅವರು ತೋರಿಸ್ಕೊಳ್ಳಲಿ. ಅಳು ಬಂದ್ರೆ ಅಲ್ಲೇ ಅತ್ತು, ಅಲ್ಲೇ ಕಣ್ಣೊರೆಸ್ಕೊಂಡು, ಅಲ್ಲೇ ಓದ್ತೀನಿ. ಈ ಮೇಜು ಎಲ್ಲೂ ಓಡಿ ಹೋಗಲ್ಲ. ಇಷ್ಟ ಬಂದ ದಿನ ಬಂದು ನಿಲ್ತೀನಿ, ಸೋತು ಬಂದು ನಿಲ್ಲಲ್ಲ."

ಅಣ್ಣ ಚೂರಿನ ಡಬ್ಬ ಎತ್ತಿಕೊಂಡು ಹೊರಗೆ ಹೋದ. ಮರುಪರೀಕ್ಷೆಗೆ ಅವಳು ಹೊರಟ ದಿನವೂ ಬಸ್ಸಿನ ತನಕ ಬರಲಿಲ್ಲ. ಜೊತೆಗೆ ಹೋದವಳು ನಾನು.

ನಾವು ನೇರ ದೊಡ್ಡ ಮೇಷ್ಟ್ರ ಕೋಣೆಗೆ ಹೋದೆವು. ಲಾಯರಮ್ಮನ ಕೈಯಲ್ಲಿ ಅದೇ ನೀಲಿ ಬಕೆಟ್ಟು, ಅದರೊಳಗೆ ಮಗ್ಗು, ಹಗ್ಗ ಎಲ್ಲ. ಪರೀಕ್ಷೆಯೇ ಆಗಿಲ್ಲ, ಈಗಲೇ ಇದೆಲ್ಲ ಯಾಕೆ ಎಂದರೆ, "ವಾಪಸ್ ತರೋಕೆ ತಗೊಂಡು ಹೋಗ್ತಿಲ್ಲ" ಎಂದಿದ್ದಳು. ಬಾಗಿಲ ಹತ್ತಿರ ನಾನು ಅವಳ ಕಿವಿಯಲ್ಲಿ ಹೇಳಿದೆ. "ಸ್ವಲ್ಪ ನಯವಾಗಿ ಮಾತಾಡು. ಸರ್ ನೀವೇ ದೊಡ್ಡವರು ಅಂತ ನಾಲ್ಕು ಒಳ್ಳೆ ಮಾತು ಹೇಳು."

"ನಾನು ಯಾರಿಗೂ ಬಕೆಟ್ ಹಿಡಿಯಲ್ಲ ಅತ್ತೆ" ಎಂದಳು ಕೈಯಲ್ಲಿ ಬಕೆಟ್ ಹಿಡಿದುಕೊಂಡೇ. ಇಬ್ಬರಿಗೂ ನಗು ಉಕ್ಕಿ ಬಂತು. ಬಕೆಟ್ಟನ್ನು ಜವಾನನ ಸ್ಟೂಲಿನ ಪಕ್ಕ ಇಟ್ಟು, ಆ ನಗುವಿನಲ್ಲೇ ಒಳಗೆ ಹೋದೆವು.

ಮೇಷ್ಟ್ರು ಒಳ್ಳೆಯ ಮನುಷ್ಯರ ಹಾಗೇ ಕಂಡರು. ಕೋರ್ಸಿನ ವಿಷಯ ಯೋಚಿಸಿದೆಯಾ ಎಂದು ಮೃದುವಾಗಿ ಕೇಳಿದರು.

"ಬದಲಾಯಿಸಲ್ಲ ಸರ್. ಮರುಪರೀಕ್ಷೆ ಬರೀತೀನಿ. ಅದಕ್ಕೆ ಮೊದಲು, ಅವತ್ತು ಅರ್ಧಕ್ಕೆ ಬಿಟ್ಟು ಹೋದೆನಲ್ಲ, ಅದನ್ನ ಮುಗಿಸ್ಬೇಕು."

ಅವರ ಕೋಣೆಯ ಗೋಡೆಯಲ್ಲೂ ಒಂದು ಬೋರ್ಡಿತ್ತು. ಅವರು ಹ್ಞೂಂ ಎನ್ನುವ ಮೊದಲೇ ಇವಳು ಸೀಮೆಸುಣ್ಣ ಎತ್ತಿಕೊಂಡಾಗಿತ್ತು. ಮೊದಲ ಸಾಲು ಬರೆದಳು. ಆ ಬರಹದ ತಲೆಬುಡ ನನಗೆ ತಿಳಿಯದು. ಆದರೆ ಅವಳ ಬೆನ್ನು ಬಿಗಿಯಾದದ್ದು ತಿಳಿಯಿತು. ಮತ್ತೆ ತಪ್ಪಾಗಿದೆ! ನಾನು ಕುರ್ಚಿಯ ಅಂಚು ಹಿಡಿದುಕೊಂಡೆ. ಅವಳು ಅಂಗೈಯಿಂದಲೇ ಸಾಲನ್ನು ಒರೆಸಿ ಮತ್ತೆ ಬರೆದಳು. ಕೆಳಗೆ ಹೋದಳು, ನಿಂತಳು, ಎರಡು ಸಾಲು ಅಳಿಸಿದಳು. ಹೊರಗೆ ಓಡಾಡುತ್ತಿದ್ದ ಹುಡುಗರು ಇಬ್ಬರು ಬಾಗಿಲಲ್ಲಿ ಇಣುಕಿದರು. ಅವಳು ತಿರುಗಿ ಅವರನ್ನು ನೇರವಾಗಿ ನೋಡಿದಳು, ಆಮೇಲೆ ಬೋರ್ಡಿನ ಕಡೆ ತಿರುಗಿದಳು.

"ಸಾಕಮ್ಮ, ಪರವಾಗಿಲ್ಲ" ಎಂದರು ಮೇಷ್ಟ್ರು.

"ತಡೀರಿ ಸರ್, ನಾನಿನ್ನೂ ಮುಗಿಸಿಲ್ಲ."

ಮುಗಿಸುವ ಹೊತ್ತಿಗೆ ಅವಳ ಅಂಗೈ, ಕೆನ್ನೆ, ಜಡೆಯ ತುದಿ ಎಲ್ಲ ಬಿಳಿ. ಮೇಷ್ಟ್ರು ಎದ್ದು ಬಂದು ಬೋರ್ಡನ್ನು ಮೇಲಿನಿಂದ ಕೆಳಗೆ ಓದಿದರು. "ಮೂರನೇ ಸಾಲಿಗೆ ಕಾರಣ ಕೊಟ್ಟಿಲ್ಲ" ಎಂದರು.

"ಹೌದಲ್ವಾ!" ಎಂದು ಇವಳು ಅದನ್ನೂ ಒರೆಸಿದಳು. ಕಾರಣ ಬರೆದಳು. ಅವರು ಮತ್ತೆ ಓದಿ, ಈ ಸಲ ಅವಳನ್ನು ಪಾಪ ಎನ್ನುವ ಹಾಗೆ ನೋಡಲಿಲ್ಲ.

"ವರ್ಷವಿಡೀ ಎಲ್ಲಿದ್ದೆ ನೀನು?"

"ಕೊನೇ ಬೆಂಚಲ್ಲಿ ಸರ್. ಇನ್ಮೇಲೆ ಮುಂದೆ ಕೂರ್ತೀನಿ, ನಿಮಗೆ ಸ್ವಲ್ಪ ಕಷ್ಟ ಆಗಬಹುದು."

ಅವಳನ್ನು ಪರೀಕ್ಷೆಗೆ ಅಲ್ಲೇ ಬಿಟ್ಟು ನಾನು ಒಬ್ಬಳೇ ಬಸ್ಸು ಹತ್ತಿ ವಾಪಸ್ ಬಂದೆ. ಬಂದು ಅಣ್ಣನಿಗೆ ಎಲ್ಲ ಹೇಳಿದೆ. ನಾನು ಹೇಳಿ ಮುಗಿಸಿದ ಮೇಲೆ, "ಕೈಯಿಂದಲೇ ಒರೆಸಿದ್ಲಾ?" ಎಂದು ಕೇಳಿದ.

ಮರುಪರೀಕ್ಷೆಯ ಫಲಿತಾಂಶ ಬಂದ ವಾರ ಲಾಯರಮ್ಮ ಊರಿಗೆ ಬಂದಳು. ಅಂಗಡಿಯ ಮೆಟ್ಟಿಲು ಹತ್ತುತ್ತಲೇ, ಯಾರೂ ಕೇಳುವ ಮೊದಲೇ ಹೇಳಿದಳು. "ಒಂದು ಪಾಸು, ಒಂದು ಫೇಲು. ಎರಡನೇ ವರ್ಷಕ್ಕೆ ಬಿಟ್ರು."

ಅತ್ತಿಗೆ ಅವಳನ್ನು ತಬ್ಬಿಕೊಂಡಳು. ಅಣ್ಣ ಕಟ್ಟರ್ ಕೆಳಗಿಟ್ಟ.

"ಆ ಇನ್ನೊಂದನ್ನ?"

"ಮತ್ತೆ ಬರೀತೀನಿ."

"ಆಗ್ಲೂ ಹೋದ್ರೆ?"

"ಮತ್ತೆ ಬರೀತೀನಿ ಅಪ್ಪ. ಪ್ರಶ್ನೆ ಮುಗೀತಾ, ಇನ್ನೂ ಇದೆಯಾ?"

ಅಣ್ಣ ಗಾಜುಗಳ ಸಾಲಿನಿಂದ ದಪ್ಪನೆಯ ಒಂದನ್ನು ಎಳೆದು ಮೇಜಿನ ಮೇಲೆ ಮಲಗಿಸಿದ. ಹಾಸ್ಟೆಲ್ ಕೋಣೆಯ ಗೋಡೆ ಎಷ್ಟಗಲ ಎಂದು ಕೇಳಿ ಅಳತೆ ಹಾಕಿದ. ಪಟ್ಟಿಯಿಟ್ಟು ಕಟ್ಟರ್ ಎಳೆದ. ಅವನ ಕಣ್ಣು ತುಂಬಿತ್ತೋ ಕೈ ಜಾರಿತೋ, ಗಾಜು ಮೇಜಿನ ಅಂಚಿನಲ್ಲಿ ಪಟ್ಟೆಂದು ಅಡ್ಡಡ್ಡ ಸೀಳಿಹೋಯಿತು. ಇಷ್ಟು ವರ್ಷದಲ್ಲಿ ಒಂದು ಗೀರನ್ನೂ ಅಣ್ಣ ಕೆಡಿಸಿದ್ದನ್ನು ನಾನು ನೋಡಿರಲಿಲ್ಲ. ಲಾಯರಮ್ಮ ಏನೋ ಹೇಳಲು ಬಾಯಿ ತೆರೆದಳು, ನಾನು ಅವಳ ತೋಳು ಚಿವುಟಿದೆ.

"ಏನು ಹಾಗೆ ನೋಡ್ತಾ ಇದೀರಾ ಎಲ್ಲಾ?" ಎಂದ ಅಣ್ಣ. "ಇನ್ನೊಂದು ಗಾಜಿಲ್ವಾ?"

ಚೂರುಗಳನ್ನು ಡಬ್ಬಕ್ಕೆ ಸರಿಸಿ, ಮತ್ತೊಂದನ್ನು ಎಳೆದು, ಮತ್ತೆ ಅಳತೆ ಹಾಕಿ ಕೊಯ್ದ. ಈ ಸಲ ಟಣ್ಣೆಂದು ಬಿಟ್ಟುಕೊಂಡಿತು. ಅಂಚುಗಳನ್ನು ಕಲ್ಲಿನಿಂದ ಉಜ್ಜಿದ. ಬರೆದದ್ದು ಎದ್ದು ಕಾಣಲೆಂದು ಬೆನ್ನಿಗೆ ಬಿಳಿ ಬಣ್ಣ ಹಚ್ಚಿದ. ನಾನು ಸುತ್ತ ಚೌಕಟ್ಟು ಹಾಕಿದೆ, ಇದ್ದುದರಲ್ಲಿ ಗಟ್ಟಿಯಾದ ಮರ ಆರಿಸಿ. ಮಾರನೆಯ ದಿನ ಅದನ್ನು ಕಂಬಳಿಯಲ್ಲಿ ಸುತ್ತಿ ಹಗ್ಗ ಬಿಗಿಯುವಾಗ ಅಣ್ಣ ಹೇಳಿದ. "ಒರೆಸೋಕೆ ಸುಲಭ. ಎಷ್ಟು ಸಲ ಬೇಕಾದ್ರೂ ಒರೆಸು, ಏನೂ ಆಗಲ್ಲ."

ಆಮೇಲೆ ಅವನು ಅವಳ ಎರಡು ಕೈಗಳನ್ನೂ, ಕಾಲ ಬಳಿ ಇದ್ದ ಸಣ್ಣ ಚೀಲವನ್ನೂ ನೋಡಿದ. ಸುತ್ತ ನೋಡಿದ.

"ನಿನ್ನ ಬಕೆಟ್ ಎಲ್ಲೇ?"

"ಹಾಸ್ಟೆಲಲ್ಲಿದೆ ಅಪ್ಪ" ಎಂದಳು ಲಾಯರಮ್ಮ. "ಮಂಚದ ಕೆಳಗೆ."